ತುಕ್ಕು ಕಚ್ಚಿದ ಸೈಕಲ್ಲನ್ನು ಬಿಡಿಸುವ ಬಗೆ



ಹೊಟ್ಟೆಪಾಡನ್ನರಸಿ ಈ ಮುಂಬಯಿಗೆ ಬಂದ ನಮ್ಮಲ್ಲಿ ಕೆಲವರ ಮನೆಗಳಲ್ಲಿ ಹಿರಿಯರ ಸೈಕಲ್ಲೊಂದು ಇನ್ನೂ ಉಳಿದಿದೆ. ಮೆಟ್ಟಿಲ ಕೆಳಗೆ ನಿಂತು, ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದಿದೆ. ಸೀಟು ಏರದು, ಇಳಿಯದು, ಪೆಡಲ್ಲು ಬಿಚ್ಚದು. “ಗುಜರಿಗೆ ಹಾಕಿಬಿಡಿ” ಎಂಬ ಮಾತು ಬಾಯಿಗೆ ಬೇಗ ಬರುತ್ತದೆ. ಅದಕ್ಕೆ ಮೊದಲು ಒಂದು ವಾರ ತಾಳಿರೆಂದು ಕೇಳಿಕೊಳ್ಳುವುದಕ್ಕಾಗಿಯೇ ನಾವಿಂದು ನಿಂತಿದ್ದೇವೆ.

ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಕೊಳವೆಯೊಳಗಿನ ಸೀಟಿನ ಕಂಬಕ್ಕೆ ಆ ಜಾಗವೆಲ್ಲಿ? ಆದುದರಿಂದ ಅದು ಬೆಣೆ ಬಡಿದಂತೆ ಕಚ್ಚಿಕೊಳ್ಳುತ್ತದೆ. ಇಂಥದನ್ನು ರಟ್ಟೆಯ ಬಲದಿಂದಲೇ ತಿರುಚಹೊರಟರೆ, ತುಕ್ಕು ಬಿಡುವ ಮೊದಲು ಬೋಲ್ಟೇ ಮುರಿದೀತು. ಮೊದಲು ಎಣ್ಣೆ, ಆಮೇಲೆ ಕಾಲ, ಕಟ್ಟಕಡೆಗೆ ಬಲ.

ತುಕ್ಕು ಬಿಡಿಸುವ ತೆಳು ಎಣ್ಣೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೊಬ್ಬರಿಎಣ್ಣೆ ಬೇಡ. ಕೂಡುವ ಕಡೆಯಲ್ಲೆಲ್ಲ ಬೆಳಿಗ್ಗೆ ಸಂಜೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿರಬೇಕು. ಆ ಅದುರಿನಿಂದ ಎಣ್ಣೆ ಒಳಗಿಳಿಯುತ್ತದೆ. ಎಣ್ಣೆ ಹಾಕಿದ ಕಡೆ ಬೆಂಕಿಯನ್ನು ಮಾತ್ರ ಹಿಡಿಯಕೂಡದು.

ಇನ್ನು ಬಿಚ್ಚುವ ಕ್ರಮ. ಸೀಟಿನ ಕೊಳವೆಯ ಬೋಲ್ಟನ್ನು ಸಡಿಲಿಸಿ, ಸೀಟನ್ನೇ ಹಿಡಿಯಾಗಿಸಿಕೊಂಡು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆಯೆ. ಹ್ಯಾಂಡಲ್ಲಿನ ನಡುವಣ ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ, ಮೇಲೆ ಮರದ ತುಂಡಿಟ್ಟು ಬಡಿದರೆ, ಒಳಗೆ ಬಿಗಿದ ಕೋನು ಕೆಳಗೆ ಸರಿದು ಹ್ಯಾಂಡಲ್ಲು ಬಿಡುತ್ತದೆ.

ಪೆಡಲ್ಲಿನಲ್ಲಿ ಅನೇಕರು ಮೋಸಹೋಗುತ್ತಾರೆ. ಎಡಗಡೆಯದು ಎಡತಿರುಪಿನದು, ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಹೋದವರು ಅದನ್ನು ಮತ್ತಷ್ಟು ಬಿಗಿಯುತ್ತಾರೆ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಹಿಂಚಕ್ರದತ್ತ ಎಳೆಯಿರಿ, ಎರಡೂ ಬಿಚ್ಚುತ್ತವೆ.

ಎಲ್ಲಕ್ಕಿಂತ ಹಟಮಾರಿಯೆಂದರೆ ಕ್ರ್ಯಾಂಕಿನ ಕಾಟರ್ ಪಿನ್ನು. ಅದರ ನಟ್ಟನ್ನು ಪೂರ್ತಿ ತೆಗೆಯಬಾರದು. ಪಿನ್ನಿನ ತುದಿಗೆ ಸಮನಾಗುವಂತೆ ಬಿಡಬೇಕು. ಇಲ್ಲವಾದರೆ ಏಟಿಗೆ ಥ್ರೆಡ್ಡು ನುಜ್ಜಾಗುತ್ತದೆ. ಕ್ರ್ಯಾಂಕಿನ ಕೆಳಗೆ ನೆಲಕ್ಕೆ ತಾಗುವಂತೆ ಗಟ್ಟಿ ಕೊಳವೆಯ ಆಸರೆ ಕೊಟ್ಟು, ಒಂದೇ ನೇರವಾದ ಏಟು ಹಾಕಬೇಕು. ಆಸರೆಯಿಲ್ಲದೆ ಹೊಡೆದ ಏಟು ಬೇರಿಂಗಿನ ಗುಂಡುಗಳಿಗೆ ಬೀಳುತ್ತದೆ. ಈ ಪಿನ್ನು ಕೆಟ್ಟರೂ ಚಿಂತೆಯಿಲ್ಲ, ಹೊಸದು ಕಡಮೆ ಬೆಲೆಗೇ ಸಿಗುತ್ತದೆ.

ಬಿಚ್ಚಿದ ಮೇಲೆ ತುಕ್ಕನ್ನು ಉಜ್ಜಿ, ಗ್ರೀಸು ಸವರಿಯೇ ಜೋಡಿಸಬೇಕು. ಫೋರ್ಕನ್ನೋ ಫ್ರೇಮನ್ನೋ ತುಕ್ಕು ತಿಂದು ತೂತಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಆ ಸೈಕಲ್ಲನ್ನು ಹತ್ತಕೂಡದು. ಅಂಥದು ಮನೆಯಲ್ಲಿ ನೆನಪಿಗಿರಲಿ, ರಸ್ತೆಗೆ ಬೇಡ.

ಕೊನೆಯದಾಗಿ ಒಂದು ಬಿನ್ನಹ. ಈ ಕೆಲಸವನ್ನು ಒಬ್ಬರೇ ಮಾಡಬೇಡಿ. ಮಕ್ಕಳ ಕೈಗೆ ಸ್ಪ್ಯಾನರು ಕೊಡಿ. ಎಣ್ಣೆ ಇಳಿಯುವವರೆಗೆ ಹೇಗೂ ಕಾಯಬೇಕು. ಅಷ್ಟರಲ್ಲಿ ಆ ಸೈಕಲ್ಲನ್ನು ತುಳಿದವರು ಯಾರು, ಯಾವ ಊರಿನಿಂದ ಬಂದವರು, ದಿನವೂ ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ನಮ್ಮ ಮಾತಿನಲ್ಲಿ ಹೇಳಿ.