ಕೆಮ್ಮಿಲ್ಲದ ಕ್ಷಯ

ಆರೋಗ್ಯ ಪ್ರದರ್ಶನ ಉದ್ಘಾಟಿಸಿ ಎರಡು ಮಾತಾಡಿ ಅಂದರು. ಸಕ್ಕರೆ, ಬಿಪಿ, ಕಣ್ಣು, ಹಲ್ಲು ಎಲ್ಲಕ್ಕೂ ಮಳಿಗೆಗಳಿವೆ, ಅಲ್ಲಿಯವರೇ ಹೇಳುತ್ತಾರೆ. ನಾನು ಹೆರಿಗೆ ಡಾಕ್ಟರು, ನನ್ನ ಮಾತು ಬಸಿರಿನದೇ.

ಹೊಸೂರಿನಲ್ಲಿದ್ದಾಗ ಡೆಂಕಣಿಕೋಟೆ ಕಡೆಯ ಹುಡುಗಿಯೊಬ್ಬಳು ಮಕ್ಕಳಾಗಿಲ್ಲವೆಂದು ಅತ್ತೆಯ ಜೊತೆ ಬಂದಳು. ಬಟ್ಟೆ ಅಂಗಡಿಯ ಕವರಿನ ತುಂಬ ಎಕ್ಸ್‌ರೇ, ಸ್ಕ್ಯಾನು, ಚೀಟಿ. ಎಲ್ಲ ಅವಳದೇ. ಗಂಡನ ವೀರ್ಯ ಪರೀಕ್ಷೆಯದು ಒಂದು ಕಾಗದವೂ ಇಲ್ಲ. "ಅವನಿಗೇನಮ್ಮ, ಗುಂಡುಕಲ್ಲಿನಂಗವ್ನೆ" ಅಂದರು ಅತ್ತೆ. ಗಂಡಸರು ನಗಬೇಡಿ, ಎಲ್ಲಕ್ಕಿಂತ ಸುಲಭದ ಪರೀಕ್ಷೆ ನಿಮ್ಮದೇ.

ಬಣ್ಣ ಹಾಕಿ ತೆಗೆದ ಎಕ್ಸ್‌ರೇಯಲ್ಲಿ ಅವಳ ಎರಡು ಟ್ಯೂಬೂ ಮುಚ್ಚಿದ್ದವು. ಟ್ಯೂಬು ಅಂದರೆ ಗರ್ಭಕೋಶದ ಅಕ್ಕಪಕ್ಕ ಸುಮಾರು ಅರ್ಧ ಗೇಣುದ್ದದ ಅಂಡನಾಳಗಳು. ಗಂಡು ಹೆಣ್ಣಿನ ಬೀಜ ಕೂಡುವುದು ಅಲ್ಲೇ, ಗರ್ಭಕೋಶದಲ್ಲಲ್ಲ. ಒಳಗಿನ ನವಿರು ರೋಮಗಳು ಭ್ರೂಣವನ್ನು ಮೆಲ್ಲಗೆ ಗರ್ಭಕೋಶಕ್ಕೆ ಸಾಗಿಸುತ್ತವೆ. ಎರಡೂ ಮುಚ್ಚಿದರೆ ಬೀಜ ಕೂಡುವುದಿಲ್ಲ. ಅರೆಬರೆ ಕೆಟ್ಟರೆ ಬಸಿರು ನಾಳದಲ್ಲೇ ನಿಂತು, ಒಡೆದು, ಜೀವಕ್ಕೇ ಕುತ್ತಾಗಬಹುದು.

ಮುಚ್ಚಿದ್ದು ಯಾಕೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಲೈಂಗಿಕ ಸೋಂಕು, ಗರ್ಭಪಾತ ಅಥವಾ ಹೆರಿಗೆಯ ನಂತರದ ನಂಜು, ಒಡೆದ ಅಪೆಂಡಿಕ್ಸ್, ಹೀಗೆ ಕಾರಣ ಹಲವು. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು, ಕ್ಷಯ. ಶ್ವಾಸಕೋಶದಿಂದ ರಕ್ತದಲ್ಲಿ ಸಾಗಿ ನಾಳದಲ್ಲಿ ಕೂರುತ್ತದೆ. ಕೆಮ್ಮಿಲ್ಲ, ಕಫವಿಲ್ಲ. ಮುಟ್ಟು ಕಡಿಮೆಯಾಗಬಹುದು, ಕಿಬ್ಬೊಟ್ಟೆ ನೋಯಬಹುದು. ಎಷ್ಟೋ ಸಲ ಏನೂ ಇರುವುದಿಲ್ಲ. ಅವಳ ಗರ್ಭಕೋಶದ ಒಳಪೊರೆಯ ಚೂರಿನಲ್ಲಿ ಸಿಕ್ಕಿದ್ದು ಅದೇ. ತವರಲ್ಲಿ ತಾತನಿಗೆ ಕ್ಷಯವಿತ್ತಂತೆ, ಯಾರೂ ಕೇಳಿರಲಿಲ್ಲ. ಮಾತ್ರೆ ಪೂರ್ತಿ ನುಂಗಿದಳು. ರೋಗ ಹೋಯಿತು, ಟ್ಯೂಬು ತೆರೆಯಲಿಲ್ಲ. ಗಾಯ ಮಾಗಿ ಗಟ್ಟಿಯಾದ ನಾಳವನ್ನು ಮಾತ್ರೆ ಬಿಡಿಸುವುದಿಲ್ಲ.

ಹಾಗಾದರೆ ಬೀಜವನ್ನು ದೇಹದ ಹೊರಗೆ ಕೂಡಿಸುವ ಐವಿಎಫ್ ಇದೆಯಲ್ಲ ಅನ್ನುತ್ತೀರಿ. ಇದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನಳ ತಾಯಿಗೂ ಟ್ಯೂಬೇ ಮುಚ್ಚಿತ್ತು. ಆದರೆ ಕ್ಷಯ ಗರ್ಭಕೋಶದ ಒಳಪೊರೆಯನ್ನೂ ತಿಂದಿದ್ದರೆ ಭ್ರೂಣ ಎಲ್ಲಿ ನಿಲ್ಲಬೇಕು? ಹೊಲ ಅಡವಿಟ್ಟು ಬೆಂಗಳೂರಿಗೆ ಓಡುವ ಮೊದಲು ಮುಚ್ಚಿದ ಕಾರಣ ಕೇಳಿ. ಎಕ್ಸ್‌ರೇಯನ್ನೂ ಕಣ್ಣುಮುಚ್ಚಿ ನಂಬಬೇಡಿ, ನೋವಿಗೆ ನಾಳ ಬಿಗಿದುಕೊಂಡರೂ ಮುಚ್ಚಿದಂತೆ ಕಾಣುತ್ತದೆ. ಕ್ಷಯದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಸಂಘಟಕರಲ್ಲಿ ಒಂದು ತಕರಾರಿದೆ. ಕ್ಷಯದ ಮಳಿಗೆಯನ್ನು ಹಿಂದಿನ ಮೂಲೆಗೆ ಹಾಕಿದ್ದೀರಿ. ನಾಳೆಯಾದರೂ ಅದನ್ನು ಹೆಂಗಸರ ಮಳಿಗೆಯ ಪಕ್ಕಕ್ಕೆ ತನ್ನಿ. ಸರಿ, ಕತ್ತರಿ ಎಲ್ಲಿ?