ನಾದವೃತ್ತಿಯ ಮೊದಲ ಮೆಟ್ಟಿಲು

(ಶ್ರೀಮಠದ ಮಹೋತ್ಸವದ ಪ್ರಸಂಗದಲ್ಲಿ ಸಂಗೀತಾಭ್ಯಾಸಿಗಳನ್ನುದ್ದೇಶಿಸಿ ಮಾಡಿದ ಉಪನ್ಯಾಸ)



ವಿದ್ಯೆಯನ್ನು ಸಂಪಾದಿಸುವದು ಒಂದು ತಪಸ್ಸು. ಸಂಪಾದಿಸಿದ ವಿದ್ಯೆಯಿಂದ ಅನ್ನವನ್ನು ಸಂಪಾದಿಸುವದು ಇನ್ನೊಂದು ತಪಸ್ಸು. ಮೊದಲನೆಯದಕ್ಕೆ ಗುರುವುಂಟು, ಎರಡನೆಯದಕ್ಕೆ ಗುರುವು ದೊರೆಯುವದು ವಿರಳ. ಹತ್ತು ಹನ್ನೆರಡು ವರ್ಷ ಗುರುಗೃಹದಲ್ಲಿ ಸ್ವರಸಾಧನೆಯನ್ನು ಮಾಡಿದ ತರುಣನು ಅಪ್ಪಣೆ ಪಡೆದು ಪೇಟೆಯ ಬೀದಿಗೆ ಬಂದು ನಿಂತಾಗ ಅವನ ಮುಂದೆ ಮೂರು ಪ್ರಶ್ನೆಗಳು ನಿಲ್ಲುವವು: ಎಲ್ಲಿ ಕುಳಿತು ಕಲಿಸಬೇಕು, ಯಾರಿಗೆ ಕಲಿಸಬೇಕು, ಎಷ್ಟು ದ್ರವ್ಯವನ್ನು ಕೇಳಬೇಕು? ಈಚಿನ ಕಾಲದಲ್ಲಿ ನಾಲ್ಕನೆಯ ಪ್ರಶ್ನೆಯೊಂದು ಬಂದು ಸೇರಿದೆ. ಜನರು ಪಾಠಕ್ಕಾಗಿ ಬರುವಂತೆ ಉಪಶಮನಕ್ಕಾಗಿಯೂ ಸಂಗೀತಗಾರನ ಬಾಗಿಲಿಗೆ ಬರತೊಡಗಿದ್ದಾರೆ. ನಿದ್ರೆಯಿಲ್ಲದವರು ಬರುತ್ತಾರೆ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ಮಕ್ಕಳು ಬರುತ್ತಾರೆ, ಮಾತು ಬಾರದ ಕೂಸನ್ನು ಎತ್ತಿಕೊಂಡು ತಾಯಂದಿರು ಬರುತ್ತಾರೆ. ಇವರಿಗೆ ಏನು ಹೇಳಬೇಕು? ಸ್ವತಂತ್ರವೃತ್ತಿಯನ್ನು ಹಿಡಿಯುವವನ ಯೋಗ್ಯತೆಯು ಈ ಪ್ರಶ್ನೆಯಲ್ಲಿಯೇ ಪರೀಕ್ಷೆಗೆ ಒಳಗಾಗುವದರಿಂದ ಇಂದಿನ ವಿಚಾರವು ಅದರತ್ತ ಸಾಗತಕ್ಕದ್ದಾಗಿದೆ.

ಪೂರ್ವದಲ್ಲಿ ಗಾಯಕನಿಗೆ ಅರಮನೆ, ದೇವಾಲಯ, ಮಠ ಇವುಗಳ ಆಶ್ರಯವಿದ್ದಿತು. ರಾಜಾಶ್ರಯವನ್ನು ಬಿಟ್ಟು ಸಾರ್ವಜನಿಕರ ಬೆಂಬಲದಿಂದಲೇ ಸಂಗೀತವನ್ನು ಕಲಿಸಬಹುದೆಂದು ತೋರಿಸಿಕೊಟ್ಟವರಲ್ಲಿ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ಅಗ್ರಗಣ್ಯರು. 1872ರಲ್ಲಿ ಕುರುಂದವಾಡದಲ್ಲಿ ಜನಿಸಿದ ಇವರ ದೃಷ್ಟಿಯು ಬಾಲ್ಯದಲ್ಲಿಯೇ ಪಟಾಕಿಯ ಸಿಡಿತದಿಂದ ಕುಂದಿತು. ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ವಿದ್ಯೆ ಕಲಿತು, 1896ರಲ್ಲಿ ಆ ಊರನ್ನು ಬಿಟ್ಟು ದೇಶಸಂಚಾರ ಮಾಡಿ, 1901ರ ಮೇ 5ರಂದು ದೂರದ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. 1908ರಲ್ಲಿ ಮುಂಬಯಿಯಲ್ಲಿಯೂ ಶಾಲೆಯಾಯಿತು. ಓಂಕಾರನಾಥ ಠಾಕೂರ, ವಿನಾಯಕರಾವ ಪಟವರ್ಧನರಂತಹ ಶಿಷ್ಯರು ಅಲ್ಲಿಂದ ಹೊರಬಂದರು. ಆದರೆ ಮುಂಬಯಿಯ ಕಟ್ಟಡಕ್ಕೆ ಮಾಡಿದ ಸಾಲವು ಬೆಳೆದು, ಕಡೆಗೆ ಆ ಕಟ್ಟಡವೇ ಕೈಬಿಟ್ಟುಹೋಯಿತು. 1931ರಲ್ಲಿ ಅವರು ಮಿರಜದಲ್ಲಿ ದೇಹವಿಟ್ಟರು. ಕಟ್ಟಡವು ಹೋದರೂ ಶಿಷ್ಯರು ಉಳಿದರು. ಹೊಸದಾಗಿ ವೃತ್ತಿಯನ್ನು ಹಿಡಿಯುವವನು ಈ ಚರಿತ್ರೆಯಿಂದ ಧೈರ್ಯವನ್ನು ಹೇಗೋ ಹಾಗೆಯೇ ಎಚ್ಚರವನ್ನೂ ಕಲಿಯಬೇಕು. ಬಾಡಿಗೆಯ ಒಂದು ಕೋಣೆ, ಒಂದು ಚಾಪೆ, ಶ್ರುತಿ ತಪ್ಪದ ಒಂದು ತಂಬೂರಿ ಇಷ್ಟರಿಂದ ಆರಂಭಿಸಿದವನಿಗೆ ಸಾಲಗಾರನ ಭಯವಿಲ್ಲ.

ನಮ್ಮ ನಾಡಿನಲ್ಲಿಯೇ ಇನ್ನೂ ಸಮೀಪದ ದೃಷ್ಟಾಂತವುಂಟು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಗುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ವಿದ್ಯಾದಾನ ಮಾಡಿದರು. ಬಸವರಾಜ ರಾಜಗುರುಗಳು ಅವರ ಶಿಷ್ಯರೇ. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಬಳಿಕ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು 2010ರ ವರೆಗೆ ಆ ಭಾರವನ್ನು ಹೊತ್ತರು. ಆಶ್ರಮದ ನಿರ್ವಹಣೆಗಾಗಿ ನಾಟಕಗಳನ್ನೂ ಆಡಿಸಿದರು. ಅಲ್ಲಿ ಕುರುಡು ಬಾಲಕನಿಗೆ ಕಣ್ಣು ಬರುವದೆಂದು ಯಾರೂ ಮಾತು ಕೊಡಲಿಲ್ಲ. ಕಣ್ಣಿಲ್ಲದೆಯೂ ಅವನು ತನ್ನ ಅನ್ನವನ್ನು ತಾನೇ ದುಡಿದು ಉಣ್ಣುವಂತಾಗಬೇಕೆಂಬುದೇ ಅಲ್ಲಿಯ ಸಂಕಲ್ಪವಾಗಿದ್ದಿತು. ಆ ಸಂಕಲ್ಪವು ನೆರವೇರಿತು.

ಇನ್ನು ಉಪಶಮನದ ಮಾತು. ಸಂಗೀತವು ರೋಗಿಗೆ ಹಿತವೆಂಬುದು ನಮ್ಮ ಪ್ರಾಚೀನರಿಗೆ ತಿಳಿಯದ್ದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಆತುರನಿಗಾಗಿ ಗೃಹವನ್ನು ಸಜ್ಜುಗೊಳಿಸುವ ಕ್ರಮವನ್ನು ಹೇಳುವಾಗ, ಅಡಿಗೆಯವರು, ಸ್ನಾನ ಮಾಡಿಸುವವರು, ಔಷಧ ಅರೆಯುವವರು ಇವರೊಡನೆ ಗೀತವಾದ್ಯಗಳಲ್ಲಿಯೂ ಕಥೆಪುರಾಣಗಳಲ್ಲಿಯೂ ಕುಶಲರಾದವರು ಇರತಕ್ಕದ್ದೆಂದು ಆಚಾರ್ಯರು ವಿಧಿಸಿದ್ದಾರೆ. ಇಲ್ಲಿ ಗಾಯಕನ ಸ್ಥಾನವು ಯಾವದೆಂಬುದನ್ನು ಗಮನಿಸಬೇಕು. ಅವನು ವೈದ್ಯನ ಪರಿವಾರದಲ್ಲಿದ್ದಾನೆ, ವೈದ್ಯನ ಆಸನದಲ್ಲಿಲ್ಲ.

ಆಧುನಿಕರೂ ಈ ಮಾರ್ಗದಲ್ಲಿ ಬಹುದೂರ ನಡೆದಿದ್ದಾರೆ. ಎರಡನೆಯ ಮಹಾಯುದ್ಧದ ಗಾಯಾಳುಗಳ ಶುಶ್ರೂಷೆಯಲ್ಲಿ ಸಂಗೀತದ ಬಳಕೆಯು ಹೆಚ್ಚಿದ ಕಾಲದಲ್ಲಿ, 1944ರಲ್ಲಿ, ಅಮೇರಿಕದ ಮಿಶಿಗನ್ನಿನಲ್ಲಿ ಈ ವಿಷಯದ ಪದವಿ ಶಿಕ್ಷಣವು ಆರಂಭವಾಯಿತು. 1973ರಲ್ಲಿ ಬಾಸ್ಟನ್ನಿನ ಪಂಡಿತರು, ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಮಾತು ನಿಂತವರಲ್ಲಿ ಕೆಲವರು ಹಾಡಿನ ನುಡಿಗಳನ್ನು ಮಾತ್ರ ಉಚ್ಚರಿಸಬಲ್ಲರೆಂಬುದನ್ನು ಹಿಡಿದು ಒಂದು ಕ್ರಮವನ್ನು ಪ್ರಕಟಿಸಿದರು. ನಿತ್ಯದ ಚಿಕ್ಕ ಮಾತನ್ನು ಎರಡು ಸ್ವರಗಳಲ್ಲಿ ರಾಗವಾಗಿ ಹೇಳಿಸುತ್ತ, ಅಕ್ಷರಕ್ಕೊಂದರಂತೆ ರೋಗಿಯ ಎಡಗೈಯಿಂದ ತಾಳ ಹಾಕಿಸಿ, ಕ್ರಮೇಣ ರಾಗವನ್ನು ಕಳಚುತ್ತ ಸಹಜವಾದ ಮಾತಿಗೆ ತರುವದೇ ಆ ಕ್ರಮವು. 1990ರ ದಶಕದಲ್ಲಿ ಕಾಲೊರಾಡೊ ಪ್ರಾಂತದಲ್ಲಿ, ಪಾರ್ಕಿನ್ಸನ್ ಎಂಬ ಕಂಪವಾತದ ರೋಗಿಗಳು ಸಮಲಯದ ತಾಳವನ್ನು ಕೇಳುತ್ತ ನಡೆದರೆ ಅವರ ಹೆಜ್ಜೆಯು ಸುಧಾರಿಸುವದೆಂದು ತೋರಿಸಲ್ಪಟ್ಟಿತು. ನಾದಲಯಗಳ ಈ ಶಕ್ತಿಯು ನಿಜವಾದದ್ದು.

ಆದರೆ ಶಕ್ತಿಗೆ ಮೇರೆಯುಂಟು. ಇಂತಹ ರಾಗದಿಂದ ಇಂತಹ ರೋಗವು ವಾಸಿಯಾಗುವದೆಂದು ಅಚ್ಚು ಹಾಕಿಸಿ ಹಂಚುವ ಪಟ್ಟಿಗಳಿಗೆ ಪ್ರಮಾಣವಿಲ್ಲ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಒಂಬತ್ತು ದೇಶಗಳ 364 ಆಟಿಸಂ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಾಮಾನ್ಯ ಆರೈಕೆಯೊಡನೆ ಸಂಗೀತಚಿಕಿತ್ಸೆಯನ್ನೂ ಕೊಟ್ಟು ನೋಡಲಾಯಿತು. ಐದು ತಿಂಗಳ ತರುವಾಯ ಮಕ್ಕಳ ಸಾಮಾಜಿಕ ವ್ಯವಹಾರದ ತೊಡಕುಗಳಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ಭೇದವು ಕಾಣಲಿಲ್ಲ. ಇಂತಹ ಫಲವನ್ನು ಮರೆಮಾಚದೆ ಪ್ರಕಟಿಸಿದ್ದು ಆ ಶಾಸ್ತ್ರಕ್ಕೆ ಭೂಷಣವೇ ಸರಿ.

ಈಗ ಆ ತರುಣ ಶಿಕ್ಷಕನನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ಮೂರನೆಯ ತಿಂಗಳು, ಶಿಷ್ಯರು ನಾಲ್ವರೇ, ಕೋಣೆಯ ಬಾಡಿಗೆ ನಿಂತಿದೆ. ಸಂಜೆ ಒಬ್ಬ ತಾಯಿಯು ಐದು ವರ್ಷದ ಮಗನನ್ನು ಕರೆತಂದು, ಎಷ್ಟಾದರೂ ಕೊಡುವೆನೆಂದು ಹೇಳಿ, ಇವನಿಗೆ ಮಾತು ಬರುವದೇ ಎಂದು ಕೇಳುತ್ತಾಳೆ. ಬರುವದೆಂದರೆ ಬಾಡಿಗೆಯು ತೀರುವದು. ಆ ಒಂದು ಶಬ್ದದ ಬೆಲೆಯನ್ನು ತೆರುವವಳು ಆ ತಾಯಿ. ವರ್ಷವೆಲ್ಲ ಹಾಡಿಸಿಯೂ ಮಾತು ಬಾರದಿದ್ದರೆ ಅವಳ ಹಣದೊಡನೆ, ವಾಕ್ಶಿಕ್ಷಣಕ್ಕೆ ಒದಗಬೇಕಾಗಿದ್ದ ಎಳೆಯ ವಯಸ್ಸಿನ ಒಂದು ವರ್ಷವೂ ಹೋಯಿತು. ಅದನ್ನು ಯಾವ ಗವಾಯಿಯೂ ಮರಳಿ ಕೊಡಲಾರನು.

ಯೋಗ್ಯನಾದ ಶಿಕ್ಷಕನ ಉತ್ತರವು ಹೀಗಿರತಕ್ಕದ್ದು: ಮಾತು ಬರುವದೆಂದು ಹೇಳಲು ತನಗೆ ಅಧಿಕಾರವಿಲ್ಲ, ಮೊದಲು ಮಗುವಿನ ಕಿವಿಯನ್ನೂ ಮಾತನ್ನೂ ಬಲ್ಲವರಿಂದ ಪರೀಕ್ಷೆಯಾಗಬೇಕು, ಮೈಸೂರಿನಲ್ಲಿ ಅದಕ್ಕಾಗಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಅಲ್ಲಿಯ ಶಿಕ್ಷಣವನ್ನು ಬಿಡದೆ ನಡೆಯಿಸುತ್ತ, ಮಗುವಿಗೆ ಸಂತೋಷವಿದ್ದರೆ ವಾರಕ್ಕೆರಡು ಸಲ ಇಲ್ಲಿಗೂ ಬರಲಿ, ತಾಳ ಹಾಕಲಿ, ತಂತಿಯನ್ನು ಮುಟ್ಟಲಿ, ಮೂರು ತಿಂಗಳ ಮೇಲೆ ಕೂಡಿ ವಿಚಾರ ಮಾಡೋಣ. ಈ ಉತ್ತರವನ್ನು ಕೇಳಿ ಆ ತಾಯಿಯು ಬೇರೆಯವನ ಬಾಗಿಲಿಗೆ ಹೋಗಬಹುದು. ಆ ತಿಂಗಳ ಬಾಡಿಗೆಯು ಮತ್ತೆ ನಿಲ್ಲಬಹುದು. ಆ ನಷ್ಟವನ್ನು ಸಹಿಸುವ ಸಿದ್ಧತೆಯಿಲ್ಲದವನು ಪಾಠವನ್ನಷ್ಟೇ ಹೇಳಿಕೊಂಡಿರುವದು ಲೇಸು. ಚಿಕಿತ್ಸಕನೆನ್ನಿಸಿಕೊಳ್ಳುವ ಇಚ್ಛೆಯಿದ್ದವನು ಅದರ ಶಿಕ್ಷಣವನ್ನು ಪ್ರತ್ಯೇಕವಾಗಿ ಪಡೆಯಬೇಕು. ವೀಣೆಯನ್ನು ಬಲ್ಲವನು ಅಷ್ಟರಿಂದಲೇ ವ್ಯಾಧಿಯನ್ನು ಬಲ್ಲವನಾಗಲಾರನು.

ಈ ಸಿದ್ಧತೆಗೆ ಲೌಕಿಕ ವ್ಯವಸ್ಥೆಯೂ ಬೇಕು. ಹಸಿದ ಹೊಟ್ಟೆಗೆ ಸತ್ಯವು ಬಲು ಭಾರ. ಆದುದರಿಂದ ಆರು ತಿಂಗಳ ಖರ್ಚನ್ನು ಕೂಡಿಟ್ಟುಕೊಂಡೇ ವೃತ್ತಿಗೆ ಇಳಿಯುವದು ಉಚಿತ. ಅದಾಗದಿದ್ದರೆ ಹಗಲು ಬೇರೊಂದು ಕೆಲಸವನ್ನು ಮಾಡಿ ಸಂಜೆ ಕಲಿಸುವದರಲ್ಲಿ ಅಪಮಾನವೇನೂ ಇಲ್ಲ. ಶುಲ್ಕವನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ, ತಿಂಗಳ ಆರಂಭದಲ್ಲಿ ಪಡೆಯಬೇಕು. ತಪ್ಪಿದ ಪಾಠಕ್ಕೆ ಏನು ಕ್ರಮವೆಂಬುದನ್ನೂ ಆಗಲೇ ತಿಳಿಸಬೇಕು. ಸಂಕೋಚದಿಂದ ಕೇಳದೆ ಬಿಟ್ಟು ಆ ಮೇಲೆ ಶಿಷ್ಯನ ಮೇಲೆ ಮುನಿಯುವದು ಎಲ್ಲಕ್ಕಿಂತ ಕೆಟ್ಟ ರೂಢಿ. ಹತ್ತು ಜನ ಕೊಡುವವರಾದರೆ ಒಬ್ಬ ಬಡ ವಿದ್ಯಾರ್ಥಿಗೆ ಉಚಿತವಾಗಿ ಕಲಿಸಬಹುದು. ಅದನ್ನು ಉಳಿದವರಿಗೆ ಸಾರಬಾರದು. ಪಾಠದ ದಫ್ತರು ಬೇರೆ, ಉಪಶಮನಕ್ಕೆ ಬಂದವರ ದಫ್ತರು ಬೇರೆ ಇರಬೇಕು. ಎರಡನೆಯದರಲ್ಲಿ ಬಂದ ದಿನ, ಮಾಡಿದ ಸಾಧನೆ, ಕಂಡ ಬದಲಾವಣೆ, ಬದಲಾವಣೆಯಿಲ್ಲದಿದ್ದರೆ ಅದು ಕೂಡ ದಾಖಲಾಗಬೇಕು. ಅದರೊಳಗಿನ ವಿಷಯವು ಪರರ ಕಿವಿಗೆ ಬೀಳತಕ್ಕದ್ದಲ್ಲ. ವೈದ್ಯನು ಕೊಟ್ಟ ಔಷಧವನ್ನು ಬಿಡೆಂದು ಎಂದಿಗೂ ಹೇಳಲಾಗದು.

ಇಷ್ಟನ್ನು ಪಾಲಿಸಿದವನ ಕೋಣೆಯು ಮೊದಲ ವರ್ಷದಲ್ಲಿ ತುಂಬದಿರಬಹುದು. ಆದರೆ ವೈದ್ಯನು ತನ್ನ ರೋಗಿಯನ್ನು ನಿಶ್ಚಿಂತೆಯಿಂದ ಅಲ್ಲಿಗೆ ಕಳುಹುವನು. ಹುಸಿಯ ಆಸೆಗೆ ಒಮ್ಮೆ ಸಿಕ್ಕಿ ನೊಂದವರೂ ಅಲ್ಲಿಗೇ ಮರಳಿ ಬರುವರು. ತಂಬೂರಿಯ ಶ್ರುತಿಯನ್ನು ಕೂಡಿಸುವವನು ತಂತಿಯನ್ನು ಬೇಕಾದುದಕ್ಕಿಂತ ಹೆಚ್ಚು ಎಳೆಯುವದಿಲ್ಲ. ಎಳೆದರೆ ಅದು ಹರಿಯುವದೆಂದು ಬಲ್ಲನು. ಕೊಡುವ ಮಾತಿನಲ್ಲಿಯೂ ಆ ಎಚ್ಚರವೇ ಇರಲಿ. ಇಲ್ಲಿ ನೆರೆದಿರುವ ಅಭ್ಯಾಸಿಗಳ ಕಂಠವೂ ಕಾಯಕವೂ ಒಂದೇ ಶ್ರುತಿಯಲ್ಲಿ ನಿಲ್ಲಲೆಂದು ಹಾರೈಸಿ ಈ ಉಪನ್ಯಾಸವು ಮುಗಿಯುವದು.

ಸರ್ವರಿಗೂ ಮಂಗಳವಾಗಲಿ.