ಸ ಒತ್ತಿದರೆ ಸ ಬರಬೇಕು

(ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 2006ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ದಾವಣಗೆರೆಯಲ್ಲಿ ಬಿಇ ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮುಖ್ಯೋಪಾಧ್ಯಾಯರು ಫೋನು ಮಾಡಿ, ‘ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ ಅಂತ ಹತ್ತು ನಿಮಿಷ ಮಾತಾಡಪ್ಪ’ ಎಂದರು. ಅಷ್ಟು ದೊಡ್ಡ ವಿಷಯ ನನ್ನ ಕೈಲಾಗದು. ಕಳೆದ ಒಂದು ವರ್ಷದಲ್ಲಿ ಕೀಬೋರ್ಡಿನ ಹತ್ತು ಹನ್ನೆರಡು ಗುಂಡಿಗಳನ್ನು ನಾನು ಕಲಿತದ್ದು, ಈ ಶಾಲೆಯ ಮಕ್ಕಳಿಗೆ ಕಲಿಸಿದ್ದು, ಆಮೇಲೆ ಅವರಿಂದ ಕಲಿತದ್ದು, ಇಷ್ಟನ್ನು ಮಾತ್ರ ಹೇಳುತ್ತೇನೆ.

ನಮ್ಮ ಶಾಲೆಯ ಹಾಡು ನಿಮಗೆಲ್ಲ ಗೊತ್ತು. ನಮ್ಮ ಕನ್ನಡ ಮೇಷ್ಟ್ರು ಬರೆದು, ಅವರೇ ಹಾರ್ಮೋನಿಯಂ ಹಿಡಿದು ಧಾಟಿ ಕಟ್ಟಿದ್ದು. ಹೋದ ವರ್ಷ ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ ಎಲ್ಲರೂ ಸೇರಿ ಹಾಡೋಣ ಎಂದು ಎದ್ದು ನಿಂತೆವು. ಪಲ್ಲವಿಯ ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಿರಿಯರು ಒಂದು ಕಡೆ, ನಾವು ಒಂದು ಕಡೆ. 1980ರ ದಶಕದವರು ಒಂದು ತರಹ ಎತ್ತಿಕೊಂಡರು, ನಾವು ಇನ್ನೊಂದು ತರಹ. ‘ನೀವು ಹಾಡೋದು ತಪ್ಪು ಕಣ್ರಯ್ಯ’ ಎಂದು ಅವರು, ‘ಮೇಷ್ಟ್ರು ನಮಗೆ ಹೇಳಿಕೊಟ್ಟಿದ್ದೇ ಹೀಗೆ’ ಎಂದು ನಾವು. ಚಹಾ ಬಂತು, ಜಗಳ ಅಲ್ಲಿಗೇ ನಿಂತಿತು.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ವಾದ ವರ್ಷಗಟ್ಟಲೆ ನಡೆದು, ಕೊನೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಗೊತ್ತುಮಾಡಿತು. ಪದ ಎಲ್ಲರ ಬಳಿಯೂ ಇರುತ್ತದೆ, ಧಾಟಿ ಹಾಡುವವರ ಗಂಟಲಲ್ಲಿರುತ್ತದೆ. ನಮ್ಮ ಜಿಲ್ಲೆಯವರೇ ಆದ ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಓದು ಬರಹ ಕಲಿಯದೆ ಸಾವಿರಾರು ಪದ ಹಾಡಿ ನಾಡೋಜ ಆದವರು. ಅವರ ಪದಗಳು ಪುಸ್ತಕದಲ್ಲಿವೆ. ಪುಸ್ತಕ ತೆರೆದು ನಾನು ಓದಬಲ್ಲೆ, ಹಾಡಲಾರೆ.

ನಮ್ಮ ಶಾಲೆಯ ಹಾಡಿನ ಪದಗಳೂ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಿವೆ. ಧಾಟಿ ಬರೆದಿಡುವ ಕೆಲಸವನ್ನು ನಾನು ಹೊತ್ತುಕೊಂಡೆ. ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶವಿದೆ. ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಐದು ಗೆರೆಗಳ ಮೇಲೆ ಸ್ವರ ಬರೆದರೆ ಅದೇ ನುಡಿಸಿ ಕೇಳಿಸುತ್ತದೆ. ನನಗೆ ಸಂಗೀತ ಅಷ್ಟಕ್ಕಷ್ಟೆ, ಕಂಪ್ಯೂಟರ್ ಗೊತ್ತಲ್ಲ ಎಂಬ ಧೈರ್ಯ. ಲ್ಯಾಪ್‌ಟಾಪ್ ಹಿಡಿದು ಹೊಸದುರ್ಗಕ್ಕೆ ಹೋದೆ. ನಿವೃತ್ತರಾದ ಮೇಲೆ ಮೇಷ್ಟ್ರು ಅಲ್ಲಿ ಮಗಳ ಮನೆಯಲ್ಲಿದ್ದಾರೆ.

ಮೇಷ್ಟ್ರು ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದು ಒಂದು ಸಾಲು ನುಡಿಸಿದರು. ನಾನು ಮೌಸ್ ಹಿಡಿದು ಮೇಲಿನ ಪಟ್ಟಿಯಿಂದ ಸ್ವರದ ಅಳತೆ ಆರಿಸಿ, ಗೆರೆಯ ಮೇಲೆ ತಂದು ಬಿಟ್ಟೆ. ಅದು ಪಕ್ಕದ ಗೆರೆಗೆ ಹೋಯಿತು. ಅಳಿಸಿದೆ. ಮತ್ತೆ ಬಿಟ್ಟೆ. ಅಷ್ಟರಲ್ಲಿ ಮುಂದಿನ ಸ್ವರ ಮರೆತಿತ್ತು. ‘ಸಾರ್, ಇನ್ನೊಂದು ಸಲ’ ಎಂದೆ. ಹೀಗೆ ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ‘ಏನೋ ಇದು, ಒಂದೊಂದು ಕಾಳು ಹೆಕ್ಕಿ ಹೊಲ ಬಿತ್ತೋ ಹಂಗಿದೆಯಲ್ಲೋ’ ಎಂದು ನಕ್ಕರು. ಎರಡು ಗಂಟೆಯಲ್ಲಿ ಪಲ್ಲವಿ ಮುಗಿದಿತ್ತು. ಅವರಿಗೆ ದಣಿವಾಗಿತ್ತು. ‘ಮುಂದಿನ ವಾರ ಬಾ’ ಎಂದರು.

ಮುಂದಿನ ವಾರ ನಾನು ಹೋಗಲಿಲ್ಲ. ಆಫೀಸಿನ ಕೆಲಸ ಎಂಬುದು ನಿಜ, ಆದರೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಬಹುದಿತ್ತು. ಆರು ವಾರ ಕಳೆಯಿತು. ಅಷ್ಟರಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು.

ಆ ಸುದ್ದಿ ಕೇಳಿದ ರಾತ್ರಿ ನಾನು ಮಾಡಿದ ಕೆಲಸ ಹೇಳಿದರೆ ನಗಬೇಡಿ. ಕುಳಿತು ಶಾರ್ಟ್‌ಕಟ್ ಕಲಿಯಲು ಶುರುಮಾಡಿದೆ. ದಿನವಿಡೀ ಕೀಬೋರ್ಡ್ ಕುಟ್ಟುವ ಕೆಲಸ ನನ್ನದು, ಆಫೀಸಿನಲ್ಲಿ ಮೌಸ್ ಮುಟ್ಟುವವರನ್ನು ಕಂಡರೆ ಗೇಲಿ ಮಾಡುವವನು ನಾನು. ಈ ತಂತ್ರಾಂಶದಲ್ಲಿ ಮಾತ್ರ ಅದನ್ನು ಕಲಿಯುವ ಯೋಚನೆ ಬಂದಿರಲಿಲ್ಲ. ವಿಷಯ ಬಹಳ ಸರಳ. ಎನ್ ಒತ್ತಿದರೆ ಬರೆಯುವ ಸ್ಥಿತಿ. ಐದು ಒತ್ತಿದರೆ ಒಂದು ಎಣಿಕೆಯ ಸ್ವರ, ನಾಲ್ಕು ಒತ್ತಿದರೆ ಅರ್ಧ ಎಣಿಕೆ, ಆರು ಒತ್ತಿದರೆ ಎರಡು ಎಣಿಕೆ. ಸೊನ್ನೆ ಎಂದರೆ ಮೌನ. ಅಕ್ಷರ ಒತ್ತಿದರೆ ಸ್ವರ. ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಸಿ ಎಂದರೆ ಸ, ಡಿ ಎಂದರೆ ರಿ, ಇ ಎಂದರೆ ಗ, ಹೀಗೆ. ಸ್ಥಾಯಿ ತಪ್ಪಿದರೆ ಕಂಟ್ರೋಲ್ ಹಿಡಿದು ಮೇಲಿನ ಬಾಣ, ಕೆಳಗಿನ ಬಾಣ. ಎಡಗೈ ಅಂಕಿಗಳ ಮೇಲೆ, ಬಲಗೈ ಅಕ್ಷರಗಳ ಮೇಲೆ. ಒಂದು ವಾರ ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿದೆ. ನಿಧಾನ ಕಾಲದ ಹಾಡಾದರೆ ಕೇಳುತ್ತ ಕೇಳುತ್ತಲೇ ಬರೆಯಬಹುದು ಎನ್ನುವಷ್ಟು ಬಂತು.

ಮತ್ತೆ ಹೊಸದುರ್ಗ. ಮೇಷ್ಟ್ರು ಹಾಡಲಾರರು. ಹಾರ್ಮೋನಿಯಂ ತರಿಸಿದರು. ಮೊಮ್ಮಗಳು ತಿದಿ ಒತ್ತಿದಳು, ಅವರು ಎಡಗೈಯಲ್ಲಿ ಮನೆಗಳನ್ನು ಹುಡುಕಿ ಹುಡುಕಿ ನುಡಿಸಿದರು. ಮೋಹನ ರಾಗದ ನೆರಳಿನ ಧಾಟಿ ಅದು, ಐದೇ ಸ್ವರ, ಎಲ್ಲ ಬಿಳಿಮನೆ. ಈ ಸಲ ನಾನು ಅವರನ್ನು ಕಾಯಿಸಲಿಲ್ಲ. ಒಂದು ಸಾಲು ಮುಗಿದ ಕೂಡಲೇ ಸ್ಪೇಸ್ ಒತ್ತಿ ಕೇಳಿಸಿದೆ. ತಪ್ಪಿದ್ದ ಕಡೆ ಅವರು ತಲೆ ಆಡಿಸಿದರು, ತಿದ್ದಿದೆ. ನಮ್ಮ ಜಗಳದ ಸಾಲು ಬಂದಾಗ ಬೆರಳು ಎತ್ತಿ ತಾಳ ಹಾಕಿ, ತಟ್ಟಿದ ಮೇಲೆ ಅರ್ಧ ಎಣಿಕೆ ಬಿಟ್ಟು ಎತ್ತಿಕೊಂಡು ತೋರಿಸಿದರು. ನಾಲ್ಕು, ಸೊನ್ನೆ. ಎರಡು ಗುಂಡಿಯಲ್ಲಿ ಮುಗಿಯಿತು. ಹಿರಿಯರು ಸರಿ, ನಾವು ತಪ್ಪು. ಯಾವುದೋ ವರ್ಷದ ಮಕ್ಕಳು ಅವಸರಕ್ಕೆ ಆ ಅರ್ಧ ಎಣಿಕೆಯನ್ನು ನುಂಗಿದ್ದಾರೆ, ಮುಂದಿನವರೆಲ್ಲ ಅದನ್ನೇ ಹಾಡಿದ್ದೇವೆ. ಮುಂದೆ ಕುಳಿತಿರುವ ಅಣ್ಣಂದಿರು ಈಗ ಚಪ್ಪಾಳೆ ತಟ್ಟಬಹುದು.

ಒಂದು ಮಾತು ಹೇಳಬೇಕು. ಇದು ಹಾರ್ಮೋನಿಯಂ ಧಾಟಿಯಾದ್ದರಿಂದ ಐದು ಗೆರೆಗೆ ಬಗ್ಗಿತು. ಸೋಬಾನೆ ಪದದ ಜಾರು, ಎಳೆತ, ಗಮಕ ಇದರಲ್ಲಿ ಪೂರ್ತಿ ಕೂರುವುದಿಲ್ಲ. ಅದಕ್ಕೆ ಮೊಬೈಲಿನಲ್ಲಿ ದನಿ ಹಿಡಿದು ಜೊತೆಗೆ ಇಡಲೇಬೇಕು.

ಆಮೇಲೆ ಶಾಲೆಯ ಲ್ಯಾಬಿನಲ್ಲಿ ಎಂಟು, ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳಿಗೆ ಶನಿವಾರ ಮಧ್ಯಾಹ್ನ ಹೇಳಿಕೊಡಲು ಕುಳಿತೆ. ಹೊಳಲ್ಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಸಹಪಾಠಿ ಶಾರ್ಟ್‌ಕಟ್ಟುಗಳ ಚೀಟಿ ಮಾಡಿ, ಲ್ಯಾಮಿನೇಷನ್ ಹಾಕಿ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ಅಭ್ಯಾಸಕ್ಕೆ ಸರಿಗಮಪದನಿಸ ಕೊಟ್ಟೆ. ಐದು ನಿಮಿಷದಲ್ಲಿ ಗಲಾಟೆ. ಗ ಬೇಕೆಂದು ಜಿ ಒತ್ತಿದವನಿಗೆ ಪ ಬಂತು. ದ ಬೇಕೆಂದು ಡಿ ಒತ್ತಿದವನಿಗೆ ರಿ ಬಂತು. ಸ ಎಂದು ಎಸ್ ಒತ್ತಿದರೆ ಸ್ವರಗಳ ಮೇಲೆ ಕಮಾನು ಬಿತ್ತು. ರಿ ಎಂದು ಆರ್ ಒತ್ತಿದರೆ ಹಿಂದಿನ ಸ್ವರವೇ ಮತ್ತೊಮ್ಮೆ ಬಂತು. ನಿ ಎಂದು ಎನ್ ಒತ್ತಿದವರ ಪಾಡು ಎಲ್ಲಕ್ಕಿಂತ ಕಷ್ಟ. ಬರೆಯುವ ಸ್ಥಿತಿಯೇ ನಿಂತುಹೋಗಿ, ಮುಂದೆ ಒತ್ತಿದ್ದೆಲ್ಲ ಬರೆದಿದ್ದ ಸ್ವರವನ್ನೇ ಬದಲಿಸುತ್ತ ಹೋಯಿತು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು, ‘ಸಾರ್, ಸ ಒತ್ತಿದರೆ ಸ ಯಾಕೆ ಬರಲ್ಲ?’

‘ಅದು ಇರೋದೇ ಹಾಗೆ ಕಣಮ್ಮ, ಚೀಟಿ ನೋಡಿಕೋ’ ಎಂದೆ.

ಬಸ್ಸಿನಲ್ಲಿ ಹಿರಿಯೂರು ದಾಟುವವರೆಗೂ ಆ ಮಾತು ಬಿಡಲಿಲ್ಲ. ನಮಗೆ ಕನ್ನಡ ಟೈಪಿಂಗ್ ಸುಲಭವಾದದ್ದು ಹೇಗೆ? ಕೆ.ಪಿ. ರಾವ್ ಅವರು ಕೆ ಇರುವ ಕಡೆ ಕ, ಎನ್ ಇರುವ ಕಡೆ ನ ಇಟ್ಟರು. ಸದ್ದು ಹುಡುಕಿದರೆ ಗುಂಡಿ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ನಾವು ಒತ್ತುವುದು ಅದೇ ವಿನ್ಯಾಸ. ಅವರು ‘ಇರೋದೇ ಹಾಗೆ’ ಎಂದಿದ್ದರೆ ನಾನು ಇವತ್ತಿಗೂ ಒಂದು ಕಾಗದ ಬರೆಯಲು ಚೀಟಿ ನೋಡಬೇಕಿತ್ತು. ಮ್ಯೂಸ್‌ಸ್ಕೋರ್‌ನಲ್ಲಿ ಯಾವ ಗುಂಡಿಗೆ ಯಾವ ಕೆಲಸ ಎಂದು ಬದಲಿಸಲು ಅವಕಾಶವಿದೆ, ಬದಲಿಸಿದ ಪಟ್ಟಿಯನ್ನು ಫೈಲು ಮಾಡಿ ಬೇರೆ ಕಂಪ್ಯೂಟರಿಗೆ ಹಾಕಲೂ ಬರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಗುವಿಗೆ ಚೀಟಿ ತೋರಿಸಿದ್ದೆ.

ಆ ವಾರ ಕುಳಿತು ಎಸ್, ಆರ್, ಜಿ, ಎಂ, ಪಿ, ಡಿ, ಎನ್ ಏಳಕ್ಕೂ ಸರಿಗಮಪದನಿ ಕೂರಿಸಿದೆ. ಅಲ್ಲಿ ಮೊದಲೇ ಇದ್ದ ಕಮಾನು ಮುಂತಾದವನ್ನು ಬೇರೆ ಗುಂಡಿಗೆ ಸರಿಸಿದೆ. ಪೆನ್‌ಡ್ರೈವಿನಲ್ಲಿ ತಂದು ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಹಾಕಿದೆ. ಚೀಟಿ ಅರ್ಧ ಸೈಜಾಯಿತು. ಇದರಲ್ಲಿ ನಷ್ಟವೂ ಇದೆ, ಮುಚ್ಚಿಡುವುದಿಲ್ಲ. ನಾಳೆ ಈ ಮಕ್ಕಳು ಬೇರೆ ಕಡೆ ಕುಳಿತರೆ ಬೆರಳು ತಪ್ಪುತ್ತದೆ. ಅದಕ್ಕೆ ಹತ್ತನೇ ತರಗತಿಗೆ ಬರುವಾಗ ಮೂಲ ವಿನ್ಯಾಸವನ್ನೂ ಹೇಳಿಕೊಡಬೇಕೆಂದು ಮಾಡಿಕೊಂಡಿದ್ದೇವೆ. ಈಗ ಲ್ಯಾಬಿನಲ್ಲಿ ತಪ್ಪು ಒತ್ತುವವನು ನಾನೊಬ್ಬನೇ.

ಪದ ಕೂರಿಸುವ ಕೆಲಸ ಮಕ್ಕಳದೇ. ಕಂಟ್ರೋಲ್ ಎಲ್ ಒತ್ತಿ, ಒಂದೊಂದು ಸ್ವರದ ಕೆಳಗೆ ಒಂದೊಂದು ಅಕ್ಷರ. ಪದ ಮುಗಿದರೆ ಸ್ಪೇಸ್, ಪದದ ನಡುವೆ ಅಡ್ಡಗೆರೆ. ಹಾಡುವಾಗ ನಾವು ‘ಕನ್–ನಡ’ ಎನ್ನುತ್ತೇವೆ, ಹಾಗೆ ಒಡೆದರೆ ಒತ್ತಕ್ಷರ ಮುರಿದು ಓದಲು ಕಷ್ಟ. ‘ಕ–ನ್ನ–ಡ’ ಎಂದೇ ಒಡೆಯಬೇಕೆಂದು ಅವರೇ ತೀರ್ಮಾನಿಸಿದರು. ಹಳೆಯ ನುಡಿ ಅಕ್ಷರದ ಫೈಲಿನಿಂದ ತಂದು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆ ಬರುತ್ತವೆ, ಯೂನಿಕೋಡ್ ಆಗಿರಬೇಕು. ಪದ ಮುಗಿಸಿ ಸ್ವರಕ್ಕೆ ಮರಳುವಾಗ ಕನ್ನಡ ಕೀಲಿಮಣೆಯಿಂದ ಇಂಗ್ಲಿಷಿಗೆ ಬದಲಿಸುವುದನ್ನು ಮರೆತರೆ ಯಾವ ಅಕ್ಷರದ ಗುಂಡಿಯೂ ಕೆಲಸ ಮಾಡದು. ವಿಂಡೋಸ್ ಗುಂಡಿ ಹಿಡಿದು ಸ್ಪೇಸ್. ಇದು ಚೀಟಿಯಲ್ಲಿ ಕೆಂಪು ಶಾಯಿಯಲ್ಲಿದೆ.

ಹಿರಿಯೂರಿನ ಕಡೆ ಶಿಕ್ಷಕಿಯಾಗಿರುವ ನಮ್ಮ ಬ್ಯಾಚಿನ ಗೆಳತಿ ಆ ಫೈಲನ್ನೂ ಚೀಟಿಯನ್ನೂ ತನ್ನ ಶಾಲೆಗೆ ಒಯ್ದಿದ್ದಾಳೆ. ಬೇಕಾದವರು ನಮ್ಮ ಮುಖ್ಯೋಪಾಧ್ಯಾಯರ ಬಳಿ ಪೆನ್‌ಡ್ರೈವ್ ಇದೆ, ನಕಲು ಮಾಡಿಕೊಳ್ಳಿ.

ಕೊನೆಯದು ಒಂದು ಕೆಲಸ. ಮೂರನೇ ಚರಣದ ಕೊನೆಯ ಸಾಲಿನ ಧಾಟಿ ಮೇಷ್ಟ್ರಿಗೂ ನೆನಪಾಗಲಿಲ್ಲ. ಮನೆಗಳ ಮೇಲೆ ಬೆರಳು ಆಡಿಸಿ, ಕೈ ತೆಗೆದುಬಿಟ್ಟರು. ನಮ್ಮ ಕಾಲಕ್ಕೆ ಎರಡೇ ಚರಣ ಹಾಡುತ್ತಿದ್ದೆವು. ಅಲ್ಲಿ ಎಂಟು ಎಣಿಕೆಯ ಜಾಗ ಖಾಲಿ ಬಿಟ್ಟಿದ್ದೇವೆ. ಮೊದಲ ಬ್ಯಾಚುಗಳ ಅಕ್ಕಂದಿರು ಇಲ್ಲಿ ಬಹಳ ಮಂದಿ ಬಂದಿದ್ದೀರಿ. ಪೂರ್ತಿ ಬರದಿದ್ದರೂ ಸರಿ, ಅರ್ಧ ಗುನುಗಿದರೂ ಸಾಕು. ಊಟ ಆದ ಮೇಲೆ ಲ್ಯಾಬಿಗೆ ಬನ್ನಿ. ನನ್ನನ್ನು ಪ್ರಶ್ನೆ ಕೇಳಿದ ಆ ಹುಡುಗಿ ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕುಳಿತಿರುತ್ತಾಳೆ. ನೀವು ಹಾಡಿ, ಅವಳು ಒತ್ತುತ್ತಾಳೆ.